ಬರಿಹೊಟ್ಟೆಯಲ್ಲಿ ಕಳಿಸಬೇಕಾಗಿದ್ದ ನಾಯಿ

ನನ್ನ ಖಾನಾವಳಿಯಿಂದ ಹಸಿದು ಹೋದವರು ಯಾರೂ ಇಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ, ನನಗಿರುವ ಚಟ ಎಂದು ಹೇಳುತ್ತಿದ್ದೇನೆ. ಅಫಜಲಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ರೊಟ್ಟಿ ಬಡಿದವಳು ನಾನು. ಗಿರಾಕಿ ಸಾಕು ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಆ ಕೈಯ ಸಂದಿಯಲ್ಲೇ ಅರ್ಧ ರೊಟ್ಟಿ ತೂರಿಸುತ್ತೇನೆ. ಬೇಡವೆಂದು ಪಟ್ಟು ಹಿಡಿದವರನ್ನು ಬೈಯುತ್ತೇನೆ. ಬೈಸಿಕೊಂಡವರು ಮರುದಿನ ಮತ್ತೆ ಬರುತ್ತಾರೆ. ಇಂಥವಳಿಗೆ ಒಂದು ದಿನ, ಎಲ್ಲರಿಗಿಂತ ಹತ್ತಿರವಾಗಿದ್ದ ಜೀವವನ್ನು ಬರಿಹೊಟ್ಟೆಯಲ್ಲಿ ದಾರಿಗೆ ಹಚ್ಚಬೇಕಾಗಿ ಬಂತು. ಆ ಜೀವ ಒಂದು ನಾಯಿ.

ನಾಯಿ ನನ್ನದಾಗಿರಲಿಲ್ಲ. ಕೇಂದ್ರ ಸರ್ಕಾರದ ವಸತಿ ಶಾಲೆಗೆ ಇಂಗ್ಲಿಷ್ ಕಲಿಸಲು ಶಿಲಾಂಗಿನಿಂದ ಒಬ್ಬರು ಟೀಚರ್ ಬಂದಿದ್ದರು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳನ್ನೆಲ್ಲ ಅಕ್ಕೋರು ಎನ್ನುತ್ತಾರೆ, ನಾನೂ ಹಾಗೇ ಕರೆದೆ. ಒಂಟಿ ಹೆಂಗಸು, ಎರಡು ಹೊತ್ತೂ ನನ್ನಲ್ಲೇ ಊಟ. ಮೊದಲ ವಾರ ಜೋಳದ ರೊಟ್ಟಿಯನ್ನು ಹಪ್ಪಳದ ಹಾಗೆ ಮುರಿದು ಮುರಿದು ನೋಡುತ್ತ ಕೂತಿದ್ದರು. ಆರು ತಿಂಗಳಲ್ಲಿ ಶೇಂಗಾ ಹಿಂಡಿಗೆ ಎಣ್ಣೆ ಸಾಲದು ಎಂದು ನನ್ನ ಜೊತೆ ವಾದ ಮಾಡುವಷ್ಟಾದರು. ಕನ್ನಡ ಕಲಿತದ್ದು ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು. ಹಾಗಾಗಿ ಅವರ ಕನ್ನಡದಲ್ಲಿ ನನ್ನ ಬೈಗುಳಗಳೂ ಇದ್ದವು. ಅವರು ನನಗೆ ಅಕ್ಕಾ, ನಾನು ಅವರಿಗೆ ಅಕ್ಕೋರೆ. ಇಬ್ಬರಲ್ಲಿ ದೊಡ್ಡವರು ಯಾರು ಎಂದು ನಾವು ಯಾವತ್ತೂ ಕೇಳಿಕೊಳ್ಳಲಿಲ್ಲ.

ಅವರು ಸೋಲಾಪುರದಿಂದ ಒಂದು ಅಲ್ಸೇಷಿಯನ್ ಮರಿ ತಂದರು. ಬೊಗಸೆಯಲ್ಲಿ ಹಿಡಿಸುತ್ತಿದ್ದುದು ವರ್ಷ ತುಂಬುವುದರೊಳಗೆ ಕರುವಿನಷ್ಟಾಯಿತು. ಏಳು ವರ್ಷ ಅವರ ಹಿಂದೆ ಶಾಲೆಗೂ ನನ್ನ ಖಾನಾವಳಿಗೂ ಓಡಾಡಿತು. ಆಮೇಲೆ ಅಕ್ಕೋರಿಗೆ ಬೇರೆ ರಾಜ್ಯಕ್ಕೆ ವರ್ಗವಾಯಿತು. ಅಲ್ಲಿ ಮೂರನೇ ಮಹಡಿಯ ಕ್ವಾರ್ಟರ್ಸು, ನಾಯಿಗೆ ಪರವಾನಗಿ ಇಲ್ಲ.

"ಆರ್ ತಿಂಗಳು ಇಟ್ಕೊರಿ ಅಕ್ಕಾ, ಮನಿ ಹುಡುಕಿ ಒಯ್ತೇನಿ" ಎಂದರು.

ಆರು ತಿಂಗಳು ನಾಲ್ಕು ವರ್ಷವಾಯಿತು. ನನಗೆ ಮಕ್ಕಳಿಲ್ಲ. ಗಂಡ ಹೋಗಿ ಹನ್ನೊಂದು ವರ್ಷ. ಮನೆಯಲ್ಲಿ ಮಾತಾಡಲು ಜನ ಬೇಕು ಎಂದು ನನಗೆ ಅನಿಸಿರಲಿಲ್ಲ, ಇಡೀ ದಿನ ಗಿರಾಕಿಗಳ ಜೊತೆ ಒದರಾಡಿದವಳಿಗೆ ಸಂಜೆ ಬಾಯಿ ಮುಚ್ಚಿದರೆ ಸಾಕಾಗಿತ್ತು. ಆದರೆ ಅವನು, ಆ ನಾಯಿ, ಬಂದ ಮೇಲೆ ಸಂಜೆಯೂ ಮಾತು ಶುರುವಾಯಿತು. ಹಿಟ್ಟು ಸರಿಯಿಲ್ಲ, ಪುಂಡಿಪಲ್ಯ ತುಟ್ಟಿ, ಖಜೂರಿಯ ನನ್ನ ತವರಿನವರು ಫೋನ್ ಮಾಡಿಲ್ಲ, ಎಲ್ಲವನ್ನೂ ಅವನಿಗೆ ಹೇಳುತ್ತಿದ್ದೆ. ಅವನು ಹೊಸ್ತಿಲಿಗೆ ಅಡ್ಡ ಮಲಗಿ ಕಿವಿ ಮಾತ್ರ ನನ್ನ ಕಡೆ ತಿರುಗಿಸುತ್ತಿದ್ದ. ಗಿರಾಕಿಗಳು ಅವನನ್ನು ದಾಟಿಕೊಂಡು ಒಳಗೆ ಬರಬೇಕಿತ್ತು. ಎದ್ದು ದಾರಿ ಕೊಡುತ್ತಿದ್ದುದು ನನಗೊಬ್ಬಳಿಗೆ. ಮಧ್ಯಾಹ್ನ ಎಲ್ಲರ ಊಟ ಮುಗಿದು, ಮೂರೂವರೆಗೆ ನಾನು ತಾಟು ಹಾಕಿಕೊಂಡು ಕೂತಾಗಲೇ ಅವನೂ ತನ್ನ ಬೋಗುಣಿಗೆ ಬಾಯಿ ಹಾಕುತ್ತಿದ್ದ. ಮೊದಲೇ ಹಾಕಿಟ್ಟರೆ ಮೂಸಿ ಬಂದು ಮಲಗುತ್ತಿದ್ದ.

ಹೋದ ವರ್ಷದ ಬೇಸಿಗೆಯಲ್ಲಿ ಅವನು ಬಿದ್ದ. ನಮ್ಮ ಕಡೆಯ ಮೇ ತಿಂಗಳ ಬಿಸಿಲು ನಿಮಗೆ ಗೊತ್ತಿಲ್ಲದಿದ್ದರೆ ನಾನು ಹೇಳಿದರೂ ಗೊತ್ತಾಗುವುದಿಲ್ಲ. ಮಧ್ಯಾಹ್ನ ಕರೆಂಟು ಹೋಗಿತ್ತು, ಕೂಲರ್ ನಿಂತಿತ್ತು. ನೀರಿನ ಹೌದದ ಪಕ್ಕ ಮಲಗಿದ್ದವನು ಏದುಸಿರು ಬಿಡುತ್ತ ಬಿಡುತ್ತ ಕಣ್ಣು ಮೇಲೆ ಮಾಡಿದ. ಎದುರಿನ ಕೋಲ್ಡ್ರಿಂಕ್ಸ್ ಅಂಗಡಿಯ ಬರ್ಫವನ್ನೆಲ್ಲ ತಂದು ಮೈಮೇಲೆ ಸುರುವಿ, ಹಸಿ ಗೋಣಿತಾಟಿನಲ್ಲಿ ಸುತ್ತಿ, ಜೀಪಿನಲ್ಲಿ ಹಾಕಿಕೊಂಡು ಭೀಮಾ ಹೊಳೆ ದಾಟಿ ಜೇವರ್ಗಿಗೆ ಒಯ್ದೆ. ಅವನ ಸೊಂಟದ ಬೇನೆಗೆ ಔಷಧ ಕೊಡುತ್ತಿದ್ದ ದನದ ಡಾಕ್ಟರು ಅಲ್ಲಿದ್ದರು. ಮೂರು ದಿನ ಸಲೈನ್ ಹಚ್ಚಿ ಬದುಕಿಸಿದರು. ಬಿಡುವಾಗ ಒಂದು ಮಾತು ಹೇಳಿದರು.

"ನೋಡ್ರಿ ಬಾಯಾರ, ಇವಂಗ ಹತ್ತು ದಾಟ್ಯಾವ. ಇಷ್ಟು ಕೂದಲಾ, ಇಷ್ಟು ತೂಕ. ಮುಂದಿನ ಬ್ಯಾಸಗಿ ಈ ಊರಾಗ ತಡಿಯಂಗಿಲ್ಲ. ಥಂಡಿ ಜಾಗಾ ನೋಡ್ರಿ."

"ಎಲ್ಲಿಂದ ತರ್ಲಿ ಥಂಡಿ ಜಾಗಾ? ನಿಮ್ಮ ಔಷಧದಾಗ ಅದು ಇಲ್ಲೇನ್ರಿ?" ಎಂದು ಅವರ ಮೇಲೇ ಹರಿಹಾಯ್ದೆ. ಪುಣ್ಯಾತ್ಮರು ಬೇಸರ ಮಾಡಿಕೊಳ್ಳಲಿಲ್ಲ.

ಥಂಡಿ ಜಾಗ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅಕ್ಕೋರು ನಿವೃತ್ತಿಯಾಗಿ ಶಿಲಾಂಗಿಗೆ ಮರಳಿದ್ದರು. ಗುಡ್ಡದ ಮೇಲೆ ಸಣ್ಣ ಮನೆ, ಸುತ್ತ ಹುಲ್ಲು, ಬೇಸಿಗೆಯಲ್ಲೂ ಸ್ವೆಟರ್. ತಿಂಗಳಿಗೆ ಎರಡು ಸಲ ಫೋನ್ ಮಾಡಿ ನಾಯಿಯ ಸುದ್ದಿ ಕೇಳುತ್ತಿದ್ದರು, ಕಳಿಸಿ ಎಂದು ಮಾತ್ರ ಕೇಳುತ್ತಿರಲಿಲ್ಲ. ನಾನೂ ಒಯ್ಯಿರಿ ಎನ್ನುತ್ತಿರಲಿಲ್ಲ. ಇಬ್ಬರೂ ಆ ಮಾತನ್ನು ಜಾಣತನದಿಂದ ಸುತ್ತುಹಾಕುತ್ತಿದ್ದೆವು. ಡಾಕ್ಟರು ಹೇಳಿದ್ದನ್ನು ಅವರಿಗೆ ತಿಳಿಸಲು ನನಗೆ ಐದು ತಿಂಗಳು ಬೇಕಾಯಿತು. ತಿಳಿಸಿದ ದಿನ ಅವರು ಕೇಳಿದ್ದು ಒಂದೇ ಮಾತು.

"ಕಳಸ್ತೀರೇನ್ ಅಕ್ಕಾ?"

"ಕಳಸ್ದಿದ್ರ ಸಾಯ್ತಾನ" ಎಂದೆ.

ರೈಲಿನಲ್ಲಾದರೆ ಮೂರು ದಿನ, ಎರಡು ಕಡೆ ಬದಲಾವಣೆ. ಸೊಂಟ ಬಿದ್ದ ನಾಯಿಗೆ ಅದು ಆಗದ ಮಾತು. ಹೈದರಾಬಾದಿನಿಂದ ಗುವಾಹಟಿಗೆ ವಿಮಾನ, ಅಲ್ಲಿಂದ ಕಾರು. ಅದೂ ಫೆಬ್ರವರಿಯೊಳಗೆ, ಏಕೆಂದರೆ ಬಿಸಿಲು ಏರಿದ ಮೇಲೆ ದೊಡ್ಡ ನಾಯಿಗಳನ್ನು ವಿಮಾನಕ್ಕೆ ಹಾಕಿಕೊಳ್ಳುವುದಿಲ್ಲವಂತೆ. ಆಗ ತಪ್ಪಿದರೆ ಮತ್ತೆ ಮಳೆಗಾಲದವರೆಗೆ ಇಲ್ಲ. ಮಳೆಗಾಲದವರೆಗೆ ಅವನು ಇರುವುದಿಲ್ಲ. ಲೆಕ್ಕ ಇಷ್ಟೇ ಆಗಿತ್ತು.

ಅಕ್ಕೋರು ಫೋನಿನಲ್ಲಿ ನಿಯಮಗಳನ್ನು ಹೇಳಿದರು, ನಾನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಪೆಟ್ಟಿಗೆಯೊಳಗೆ ಅವನು ನಿಂತರೆ ಕಿವಿ ಮೇಲೆ ತಾಗಬಾರದು, ಆರಾಮಾಗಿ ಒಂದು ಸುತ್ತು ತಿರುಗಬೇಕು. ಗಾಳಿಗೆ ನಾಲ್ಕೂ ಕಡೆ ಕಿಂಡಿ. ನೀರಿನ ಬಟ್ಟಲು ಬಾಗಿಲಿಗೇ ಗಟ್ಟಿಯಾಗಿ ಕಟ್ಟಬೇಕು. ಡಾಕ್ಟರ ಸರ್ಟಿಫಿಕೇಟು, ಹುಚ್ಚುನಾಯಿ ರೋಗದ ಸೂಜಿಯ ಕಾಗದ. ನಿದ್ದೆಯ ಗುಳಿಗೆ ಕೊಡಲೇಬಾರದು, ಮುದಿ ನಾಯಿಗೆ ಆಕಾಶದಲ್ಲಿ ಉಸಿರು ಹಿಡಿದುಕೊಳ್ಳುತ್ತದೆ. ಕಡೆಯದಾಗಿ ಊಟ. ಹೊರಡುವ ದಿನ ಬೆಳಿಗ್ಗೆ ಒಂದು ಹಿಡಿ ಮಾತ್ರ, ಆಮೇಲೆ ಬರೀ ನೀರು. ಕಡೆಯದನ್ನು ಅವರು ಮೂರು ಸಲ ಹೇಳಿದರು.

"ಅಕ್ಕಾ, ನಿಮ್ಮ ಕೈ ನಂಗ ಗೊತ್ತೈತಿ. ದಯವಿಟ್ಟು."

"ನಾ ಏನ್ ಸಣ್ಣ ಕೂಸೇನ್ರಿ?" ಎಂದು ಫೋನಿಟ್ಟೆ.

ಅಷ್ಟು ದೊಡ್ಡ ಪೆಟ್ಟಿಗೆ ಅಂಗಡಿಯಲ್ಲಿ ಸಿಗಲಿಲ್ಲ. ನಮ್ಮ ಓಣಿಯ ಬಡಿಗ ಮಾಡಿಕೊಟ್ಟ. ಅವನು ಜೀವಮಾನವೆಲ್ಲ ಮಂಚ, ಅಲಮಾರಿ ಮಾಡಿದವನು. ಕೆಲಸ ನಾಜೂಕಾಗಿತ್ತು, ಬಾಗಿಲಿಗೆ ಹೂಬಳ್ಳಿಯನ್ನೂ ಕೊರೆದಿದ್ದ. ಆದರೆ ಅಳತೆ ತೆಗೆದುಕೊಂಡಾಗ ನಾಯಿ ತಲೆ ತಗ್ಗಿಸಿ ಕೂತಿತ್ತು. ನಿಲ್ಲಿಸಿ ನೋಡಿದರೆ ಕಿವಿ ಬಿಡಿ, ತಲೆಯೇ ತಾಗಿತು. ನಾನು ಬೈದದ್ದು ಬಸ್ ನಿಲ್ದಾಣದವರೆಗೂ ಕೇಳಿಸಿತಂತೆ. ಬಡಿಗ ಹೂಬಳ್ಳಿಯ ಬಾಗಿಲು ಉಳಿಸಿಕೊಂಡು ಮತ್ತೆಲ್ಲ ಹೊಸದಾಗಿ ಕಟ್ಟಿದ.

ಪೆಟ್ಟಿಗೆ ರೂಢಿಯಾಗಲಿ ಎಂದು ಒಂದು ತಿಂಗಳು ಮೊದಲೇ ತಂದು ಖಾನಾವಳಿಯ ಮೂಲೆಯಲ್ಲಿಟ್ಟೆ. ಅವನು ಅದರ ಕಡೆ ಬೆನ್ನು ಮಾಡಿ ಮಲಗಿದ. ರೊಟ್ಟಿ ಒಳಗಿಟ್ಟೆ, ಬರಲಿಲ್ಲ. ನನ್ನ ಹಳೆಯ ಸೀರೆಗಳಿಂದ ಹೊಲಿದ ಕೌದಿ ಹಾಸಿದೆ, ಬರಲಿಲ್ಲ. ಕಡೆಗೆ ಒಂದು ಮಧ್ಯಾಹ್ನ ಗಿರಾಕಿಗಳೆಲ್ಲ ಹೋದ ಮೇಲೆ ನಾನೇ ಮೊಣಕಾಲೂರಿ ಒಳಗೆ ಹೋಗಿ ಕೂತೆ. ಐವತ್ತು ದಾಟಿದ ಹೆಂಗಸು, ನಾಯಿಯ ಪೆಟ್ಟಿಗೆಯಲ್ಲಿ, ಮಡಿಲಲ್ಲಿ ಊಟದ ತಾಟು. ಆಗ ಅವನು ಬಂದ. ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದ, ಆಮೇಲೆ ನನ್ನನ್ನು ಒತ್ತಿಕೊಂಡು ಒಳಗೆ ಮಲಗಿದ. ಎಂಟು ದಿನ ಹೀಗೆ ಇಬ್ಬರೂ ಒಳಗೇ ಉಂಡೆವು. ಒಂಬತ್ತನೇ ದಿನ ನಾನು ಹೊರಗೆ ಕೂತೆ, ಅವನು ಒಳಗೆ ಹೋದ. ಕಲಿತುಬಿಟ್ಟ ಎಂದು ಖುಷಿಪಟ್ಟು, ಏನನ್ನು ಕಲಿಸಿದೆ ಎಂದು ನೆನಪಾಗಿ ಹಿತ್ತಲಿಗೆ ಹೋಗಿ ಅತ್ತೆ.

ಹೊರಡುವ ದಿನ ಗುರುವಾರ. ಬೆಳಿಗ್ಗೆ ಆರಕ್ಕೆ ನಿಯಮದಂತೆ ಒಂದು ಹಿಡಿ ರೊಟ್ಟಿ ಮಜ್ಜಿಗೆಯಲ್ಲಿ ಕಲಸಿ ಕೊಟ್ಟೆ. ಎರಡು ಸಲ ಬಾಯಾಡಿಸಿ ಬೋಗುಣಿ ನೆಕ್ಕಿ ನನ್ನ ಕಡೆ ನೋಡಿದ. ಇಷ್ಟೇನಾ ಎಂದು ಕೇಳಿದಂತಿತ್ತು. ಏಳಕ್ಕೆ ಜೀಪು ಬಂತು, ಡ್ರೈವರ್ ಪೆಟ್ಟಿಗೆಯನ್ನು ಮೇಲೆ ಕಟ್ಟುತ್ತಿದ್ದ. ಅವನು ಹೊಸ್ತಿಲ ಮೇಲೆ ನಿಂತಿದ್ದ. ಒಲೆಯ ಮೇಲೆ ಹೆಂಚು ಕಾದಿತ್ತು. ನಾನು ಒಂದು ರೊಟ್ಟಿ ಬಡಿದೆ, ಬಿಸಿ ಇರುವಾಗಲೇ ತುಪ್ಪ ಬೆಲ್ಲ ಹಚ್ಚಿ ಮುರಿದು ಮುರಿದು ಬಾಯಿಗೆ ಕೊಟ್ಟೆ. ಆಮೇಲೆ ಇನ್ನೊಂದು. ಯಾರೂ ನೋಡಲಿಲ್ಲ. ಎರಡು ರೊಟ್ಟಿಯಿಂದ ಏನಾಗುತ್ತದೆ, ಇಷ್ಟು ದೊಡ್ಡ ದೇಹಕ್ಕೆ ಅದು ಯಾವ ಮೂಲೆಗೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಮನೆಯಿಂದ ಹೋಗುವವನು ನನ್ನ ಖಾಲಿ ಕೈ ನೋಡಿಕೊಂಡು ಹೋಗಬಾರದು, ನನ್ನ ತಲೆಯಲ್ಲಿದ್ದುದು ಇದೊಂದೇ.

ದಾರಿಯಲ್ಲಿ ಅತನೂರು. ಅಲ್ಲಿ ನನ್ನ ತಂಗಿಯ ಮನೆ. ಅವಳಿಗೆ ಇವನೆಂದರೆ ಜೀವ, ಹತ್ತು ನಿಮಿಷವಾದರೂ ನಿಲ್ಲಿಸಲೇಬೇಕು ಎಂದು ಹಟ ಹಿಡಿದಿದ್ದಳು. ಅಂಗಳದಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಹಣೆಗೆ ಮೂರು ಬೆರಳ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಆರತಿ ಬೆಳಗಿದಳು. ಅವನು ಮದುಮಗನ ಹಾಗೆ ಸುಮ್ಮನೆ ನಿಂತಿದ್ದ.

"ಏನೂ ತಿನ್ನಸಬ್ಯಾಡ ಬೇ, ಇವತ್ತ ಅವಂಗ ಉಪವಾಸ" ಎಂದೆ.

"ನಂಗೇನ್ ತಿಳಿಯಂಗಿಲ್ಲೇನಕ್ಕಾ? ನೀ ಒಳಗ ಹೋಗಿ ನಮ್ಮತ್ತಿನ್ನ ಮಾತಾಡಸಿ ಬಾ" ಎಂದಳು.

ನಾನು ಒಳಗೆ ಹೋಗಿ ಅವಳ ಅತ್ತೆಯವರ ಮೊಣಕಾಲು ನೋವಿನ ಕಥೆ ಕೇಳಿ ಬಂದೆ. ಹಿಂತಿರುಗುವಾಗ ಅವನು ದನದ ಕೊಟ್ಟಿಗೆಯ ಮಗ್ಗುಲಿಂದ ಮೂತಿ ನೆಕ್ಕಿಕೊಳ್ಳುತ್ತ ಬಂದ. ನೀರು ಕುಡಿಸಿದೆ ಎಂದಳು ತಂಗಿ. ಅವಳ ಮಾತು ನಂಬಿದೆ, ಏಕೆಂದರೆ ಅವಳು ನನ್ನ ತಂಗಿ.

ಚೌಡಾಪುರದಲ್ಲಿ ಡ್ರೈವರ್ ಚಹಾಕ್ಕೆ ನಿಲ್ಲಿಸಿದ. ಗಾಣಗಾಪುರಕ್ಕೆ ತಿರುಗುವ ರಸ್ತೆ ಅದು. ಗುರುವಾರವೆಂದರೆ ದತ್ತನ ವಾರ, ಮಹಾರಾಷ್ಟ್ರದಿಂದ ಬಂದ ಜನ ಅಲ್ಲಿ ಇರುವೆ ಸಾಲಿನಷ್ಟು. ದತ್ತನ ಕಾಲಬುಡದಲ್ಲಿ ನಾಯಿಗಳಿರುವುದು ಎಲ್ಲರಿಗೂ ಗೊತ್ತು. ಆ ಭಕ್ತರಿಗೆ ನಾಯಿಗೆ ಉಣ್ಣಿಸುವುದೆಂದರೆ ದೇವರಿಗೇ ಉಣ್ಣಿಸಿದಂತೆ. ನಾನು ಬಸ್ ನಿಲ್ದಾಣದ ಪಾಯಖಾನೆಗೆ ಹೋಗಿ, ಅಲ್ಲಿಯ ಹೊಲಸಿಗೆ ಅಲ್ಲಿದ್ದವಳನ್ನು ಬೈದು ಬರುವಷ್ಟರಲ್ಲಿ ಜೀಪಿನ ಸುತ್ತ ಹತ್ತು ಹನ್ನೆರಡು ಜನ ನಿಂತಿದ್ದರು. ಹಿಂದಿನ ಸೀಟಿನಲ್ಲಿ ಹಣೆತುಂಬ ವಿಭೂತಿ ಕುಂಕುಮ ಹೊತ್ತ ಅಷ್ಟು ದೊಡ್ಡ ನಾಯಿ ನೆಟ್ಟಗೆ ಕೂತಿದ್ದರೆ ಆ ಜನ ಇನ್ನೇನು ಮಾಡುತ್ತಾರೆ? ಒಬ್ಬ ಮುದುಕಿ ಅವನ ಮುಂಗಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನಾನು ಹೋಗಿ ಎಲ್ಲರನ್ನೂ ಚದುರಿಸಿದೆ.

"ಏನರೆ ಕೊಟ್ರೇನೋ?" ಎಂದು ಡ್ರೈವರನನ್ನು ಕೇಳಿದೆ.

"ಇಲ್ರಿ, ಬರೇ ಕೈ ಮುಗದ್ರು" ಎಂದ, ಮುಖ ಆ ಕಡೆ ತಿರುಗಿಸಿ.

ಹೈದರಾಬಾದು ಬರುವ ಹೊತ್ತಿಗೆ ಅವನ ಬಾಯಿಂದ ಜೊಲ್ಲು ಹಗ್ಗದ ಹಾಗೆ ಇಳಿಯುತ್ತಿತ್ತು. ಮಲಗಲೂ ಆಗದೆ ಕೂರಲೂ ಆಗದೆ ಸೀಟಿನಲ್ಲಿ ತಿರುಗುತ್ತಿದ್ದ. ಜೀಪಿನ ಪ್ರಯಾಣ ಹಿಡಿಸಿಲ್ಲ ಎಂದುಕೊಂಡೆ. ವಿಮಾನ ನಿಲ್ದಾಣದ ಸಾಮಾನು ಕಳಿಸುವ ಕಡೆ ಹೋದೆವು. ಅಲ್ಲಿ ಕಾಗದ ನೋಡುವವನು ವಯಸ್ಸಾದ ಮನುಷ್ಯ. ಪೆಟ್ಟಿಗೆ ಅಳೆದ, ಕಿಂಡಿ ಎಣಿಸಿದ, ಹೂಬಳ್ಳಿಯ ಮೇಲೆ ಬೆರಳಾಡಿಸಿ ನಕ್ಕ. ಎಲ್ಲ ಬರೋಬ್ಬರಿ ಇತ್ತು. ಆಮೇಲೆ ನಾಯಿಯನ್ನು ನೋಡಿದ. ಬಗ್ಗಿ ಹೊಟ್ಟೆ ಮುಟ್ಟಿದ. ನಗು ಹೋಯಿತು.

"ಅಮ್ಮಾ, ಆಜ್ ನಹೀಂ ಹೋತಾ" ಎಂದ. ಇವತ್ತು ಆಗುವುದಿಲ್ಲ ಎಂದು. ಹೊಟ್ಟೆ ಡೋಲಿನ ಹಾಗೆ ಬಿಗಿದಿದೆ, ಮೊದಲು ಡಾಕ್ಟರಿಗೆ ತೋರಿಸು, ಜಲ್ದಿ ಹೋಗು ಎಂದು ಹತ್ತಿರದ ನಾಯಿ ಡಾಕ್ಟರ ದಾರಿ ಹೇಳಿದ.

ನಿಜ ಹೇಳಬೇಕು. ಆಗುವುದಿಲ್ಲ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನ್ನೊಳಗೆ ಮೊದಲು ಎದ್ದದ್ದು ಹೆದರಿಕೆಯಲ್ಲ, ಸಂತೋಷ. ಇವನನ್ನು ಮನೆಗೆ ಒಯ್ಯಬಹುದು. ನಾಳೆ ಮೂರೂವರೆಗೆ ಇಬ್ಬರೂ ಕೂಡಿ ಉಣ್ಣಬಹುದು. ಒಂದು ಕ್ಷಣ ಅಷ್ಟೇ. ಆ ಒಂದು ಕ್ಷಣಕ್ಕಾಗಿ ನಾನು ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ.

ನಾಯಿ ಡಾಕ್ಟರು ಹೆಣ್ಣುಮಗಳು, ಸಣ್ಣ ವಯಸ್ಸು. ಏನು ತಿನ್ನಿಸಿದಿರಿ ಎಂದು ಹಿಂದಿಯಲ್ಲಿ ಕೇಳಿದಳು. ಏನೂ ಇಲ್ಲ, ಬೆಳಿಗ್ಗೆ ಒಂದು ಹಿಡಿ ಎಂದೆ. ಡ್ರೈವರ್ ಗೋಡೆ ನೋಡುತ್ತ ನಿಂತಿದ್ದ. ಆಕೆ ವಾಂತಿ ಬರಿಸುವ ಸೂಜಿ ಹಾಕಿದಳು. ಐದು ನಿಮಿಷಕ್ಕೆ ಅವನು ಬೆನ್ನು ಬಾಗಿಸಿ, ಆಕೆಯ ಹೊಳೆಯುವ ಬಿಳಿ ನೆಲದ ಮೇಲೆ ಎಲ್ಲವನ್ನೂ ಕಕ್ಕಿದ.

ಮೊದಲು ಬಿದ್ದದ್ದು ಪೇಡೆ. ಮುರಿಯದ ಪೇಡೆಗಳೂ ಇದ್ದವು. ಜೊತೆಗೆ ಬಾಳೆಹಣ್ಣು, ಸಿಪ್ಪೆ ಸಹಿತ. ನಾನು ಡ್ರೈವರನ ಕಡೆ ತಿರುಗಿದೆ.

"ದತ್ತನ ನಾಯಿ ಅಂತ ಅಷ್ಟು ಭಕ್ತಿಲೆ ಕೊಡಾಕತ್ತಿದ್ರು. ಗುರುವಾರ ದಿನ ಹೆಂಗ ಬ್ಯಾಡ ಅನ್ಲಿರಿ? ಮ್ಯಾಲೆ ನಾನೂ ಒಂದ್ ಬಿಸ್ಕಿಟ್ ಪುಡಾ ಕೊಟ್ಟೇನ್ರಿ" ಎಂದ.

ಆಮೇಲೆ ಹೂರಣ. ನನ್ನ ತಂಗಿ ಹೋಳಿಗೆಗೆ ಏಲಕ್ಕಿ ಜಾಸ್ತಿ ಹಾಕುತ್ತಾಳೆ, ಆ ಹೊಲಸಿನ ನಡುವೆಯೂ ಅದರ ವಾಸನೆ ಬಂತು. ಅಲ್ಲೇ ನಿಂತು ಅವಳಿಗೆ ಫೋನ್ ಹಚ್ಚಿದೆ. ಎಷ್ಟು ಎಂದು ಮಾತ್ರ ಕೇಳಿದೆ. ನಾಲ್ಕು ಎಂದಳು. ತಡೆದು, ಹಾಲು ಬೇರೆ ಎಂದಳು. ಬಾಯಿಗೆ ಬಂದದ್ದೆಲ್ಲ ಬೈದೆ. ನಿನ್ನ ಕೈ ಕತ್ತರಿಸಬೇಕು ಎಂದೆ, ಅವಳು ಅಳುತ್ತಿದ್ದರೂ ಬಿಡಲಿಲ್ಲ. ನಾನು ಒದರುತ್ತಿರುವಾಗಲೇ ಅವನು ಇನ್ನೊಮ್ಮೆ ಬಾಗಿ ಕಕ್ಕಿದ. ಎಲ್ಲಕ್ಕಿಂತ ಕೆಳಗಿದ್ದದ್ದು ಕಡೆಗೆ ಬಂತು. ತುಪ್ಪದಲ್ಲಿ ಮಿಂದ ಜೋಳದ ರೊಟ್ಟಿ, ನನ್ನ ಬೆರಳು ಮುರಿದ ಅಳತೆಯ ತುಂಡುಗಳು.

ಡ್ರೈವರ್ ಅದನ್ನು ನೋಡಿದ, ನನ್ನನ್ನೂ ನೋಡಿದ. ನಾನು ಫೋನು ಕಿವಿಯಿಂದ ಇಳಿಸಿದೆ.

ಡಾಕ್ಟರ್ ಹುಡುಗಿ ಕೈ ತೊಳೆಯುತ್ತ ಮೆತ್ತಗೆ ಹೇಳಿದಳು. ಇಷ್ಟು ದೊಡ್ಡ ಎದೆಯ ನಾಯಿಗಳಿಗೆ ತುಂಬಿದ ಹೊಟ್ಟೆ ಒಳಗೇ ತಿರುಚಿಕೊಳ್ಳುವುದುಂಟು. ನೆಲದ ಮೇಲಿದ್ದರೆ ಕೊಯ್ದು ಬದುಕಿಸಬಹುದು. ಆಕಾಶದಲ್ಲಿ, ಪೆಟ್ಟಿಗೆಯಲ್ಲಿ, ಯಾರೂ ಇಲ್ಲದ ಕಡೆ ಆದರೆ ಇಳಿಸುವಾಗ ಹೆಣ ಇಳಿಸುತ್ತಾರೆ. ಹೊಟ್ಟೆ ಮುಟ್ಟಿ ನೋಡಿದವನಿಗೆ ಪುಣ್ಯ ಬರಲಿ ಎಂದಳು. ನಾನು ಅವನ ಪಕ್ಕ ನೆಲದ ಮೇಲೆ ಕೂತೆ. ಅವನು ಆ ಸುಸ್ತಿನಲ್ಲೂ ತಲೆಯನ್ನು ನನ್ನ ಕಾಲ ಮೇಲೆ ಇಟ್ಟ. ಕೊಲ್ಲಲು ಹೊರಟವಳ ಕಾಲು ಎಂದು ಅವನಿಗೆ ಗೊತ್ತಿರಲಿಲ್ಲ.

ಸಂಜೆ ಅಕ್ಕೋರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ನನ್ನ ಎರಡು ರೊಟ್ಟಿಯನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು.

"ಅಕ್ಕಾ, ನಿಮ್ಮ ಮನಸಿನಾಗ ಕಳಸೂದು ಇಲ್ಲಂದ್ರ ಹೇಳ್ರಿ. ನೀವೂ ಅವನ ತಾಯೀನ. ನಾ ಏನೂ ಅನ್ನಂಗಿಲ್ಲ."

"ಮನಸಿನಾಗ ಖರೇನ ಇಲ್ರಿ ಅಕ್ಕೋರೆ. ಸುಳ್ಳ ಯಾಕ ಹೇಳ್ಲಿ. ಇವ ಇಲ್ಲದ ಆ ಮನ್ಯಾಗ ನಾ ಏನ್ ಮಾಡ್ಲಿ? ಆದ್ರ ಮೇ ತಿಂಗಳಾ ನನ್ನ ಮಾತ್ ಕೇಳಂಗಿಲ್ಲ. ಶನಿವಾರದ ವಿಮಾನಕ್ಕ ಹಾಕ್ತೇನಿ" ಎಂದೆ.

ನಡುವಿನ ಶುಕ್ರವಾರ ಇಡೀ ದಿನ ಡಾಕ್ಟರ ಮನೆಯ ಹಿಂದಿನ ಶೆಡ್ಡಿನಲ್ಲಿ ಅವನ ಎದುರು ಕೂತೆ. ಗಂಜಿ ಎಷ್ಟು, ಯಾವಾಗ ಎಂದು ಆ ಹುಡುಗಿ ಬರೆದುಕೊಟ್ಟಿದ್ದಳು, ಅವಳೇ ಅಳೆದು ಕೊಡುತ್ತಿದ್ದಳು. ಕೊಡುವ ಕೆಲಸ ನಾನು ಬೇಡವೆಂದೆ, ನನ್ನ ಕೈಯ ಮೇಲೆ ನನಗೇ ಭರವಸೆ ಉಳಿದಿರಲಿಲ್ಲ. ಡ್ರೈವರ್ ಇಡ್ಲಿ ಕಟ್ಟಿಸಿಕೊಂಡು ಬಂದ. ನಾನು ಒಲ್ಲೆ ಎಂದೆ. ನಾನು ಬಾಯಾಡಿಸಿದರೆ ಅವನೂ ಬಾಯಾಡಿಸಲು ಏಳುತ್ತಾನೆ, ನನಗೆ ಅದು ಗೊತ್ತಿತ್ತು. ಹೀಗಾಗಿ ಆ ದಿನ ಅವನು ಅಳತೆಯ ಗಂಜಿಯ ಮೇಲೆ, ನಾನು ಬರೀ ನೀರಿನ ಮೇಲೆ, ಇಬ್ಬರೂ ಹಸಿದುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತ ಕಳೆದೆವು. ಅವನ ಬೆನ್ನ ಮೇಲೆ ಕೈಯಾಡಿಸಿದೆ, ಕಿವಿಯ ಹಿಂದಿನ ಗಂಟುಕೂದಲು ಬಿಡಿಸಿದೆ, ಉಗುರುಗಳ ನಡುವಿನ ನಮ್ಮೂರ ಕರಿಮಣ್ಣನ್ನು ಒದ್ದೆ ಬಟ್ಟೆಯಿಂದ ತೆಗೆದೆ. ತಿನ್ನಿಸುವುದೊಂದನ್ನು ಬಿಟ್ಟು ಪ್ರೀತಿ ತೋರಿಸಲು ಬೇರೆ ದಾರಿಗಳಿವೆ ಎಂದು ಆ ದಿನ ಹುಡುಕಬೇಕಾಯಿತು. ಅವನಿಗೆ ಅವೆಲ್ಲ ಹಿಡಿಸಿದವು. ನಾಲ್ಕು ವರ್ಷದಲ್ಲಿ ನಾನು ಅವನ ಹತ್ತಿರ ಅಷ್ಟು ಹೊತ್ತು ಕೆಲಸವಿಲ್ಲದೆ ಕೂತದ್ದು ಅದೇ ಮೊದಲು.

ಶನಿವಾರ ಅದೇ ಹಿರಿಯ ಮನುಷ್ಯ ಹೊಟ್ಟೆ ಮುಟ್ಟಿ ನೋಡಿ ತಲೆಯಾಡಿಸಿದ. ಕೌದಿ ಹಾಸಿ, ಬಟ್ಟಲಿಗೆ ನೀರು ತುಂಬಿ, ಬಾಗಿಲು ತೆರೆದೆ. ಅವನನ್ನು ಎಳೆಯಬೇಕಾದೀತು, ಒದ್ದಾಡಿಯಾನು, ಆಗ ನಾನು ತಡೆಯಲಾರೆ ಎಂದು ಹೆದರಿದ್ದೆ. ಅವನು ಯಾವ ತಕರಾರೂ ಇಲ್ಲದೆ ಒಳಗೆ ಹೋದ. ಒಂದು ಸುತ್ತು ತಿರುಗಿ ಮಲಗಿದ. ಮಲಗಿ, ಗೋಡೆಯ ಕಡೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಬಿಟ್ಟ. ಆ ಜಾಗ ಯಾರಿಗೆಂದು ಅಲ್ಲಿದ್ದವರಿಗೆ ಯಾರಿಗೂ ತಿಳಿಯಲಿಲ್ಲ. ನಾನು ಬಾಗಿಲು ಹಾಕಿ ಅಗಳಿ ಎಳೆದೆ. ಕಿಂಡಿಯಲ್ಲಿ ಬೆರಳು ತೂರಿಸಿದೆ, ಅವನು ನೆಕ್ಕಿದ. ಆಮೇಲೆ ಗಾಲಿ ಇದ್ದ ಬಂಡಿಯ ಮೇಲೆ ಪೆಟ್ಟಿಗೆ ಇಟ್ಟು ನೂಕಿಕೊಂಡು ಹೋದರು.

ಜೀಪು ಅಫಜಲಪುರದ ಕಡೆ ತಿರುಗಿತು. ಗುವಾಹಟಿಯಲ್ಲಿ ಕಾಯುತ್ತಿದ್ದ ಅಕ್ಕೋರ ಫೋನು ದಾರಿಯಲ್ಲೇ ಬಂತು. ಇಳಿದ. ಸುಖವಾಗಿದ್ದಾನೆ. ಬಹಳ ಹೊತ್ತು ಉಚ್ಚೆ ಹೊಯ್ದ, ನೀರು ಕುಡಿದ. ತಮ್ಮ ಪಾದ ಮೂಸಿ, ಸೆರಗು ಮೂಸಿ, ಆಮೇಲೆ ಗುರುತು ಹಿಡಿದು ಮಗುವಿನ ಹಾಗೆ ಕುಂಯ್ಗುಟ್ಟಿದ ಎಂದರು. ಅವರು ಅಳುತ್ತಿದ್ದರು. ನಾಲ್ಕು ವರ್ಷ ಅವರು ಹೀಗೇ ಕಳೆದಿದ್ದರು ಎಂಬುದು ಆಗ ನನಗೆ ಹೊಳೆಯಿತು.

ಎರಡು ದಿನ ಬಿಟ್ಟು ವಿಡಿಯೋ ಕಾಲ್ ಮಾಡಿದರು. ಮಂಜು ಮುಸುಕಿದ ಅಂಗಳ, ಮರದ ನೆಲದ ಪಡಸಾಲೆ, ಅದರ ಮೇಲೆ ಅವನು ಮಲಗಿದ್ದ. ಕೂದಲು ಹೊಳೆಯುತ್ತಿತ್ತು. ನಾನು ಅವನ ಹೆಸರು ಕೂಗಿದೆ. ಕಿವಿ ಎದ್ದವು. ಹಿಂಗಾಲು ಎರಡು ಸಲ ಜಾರಿದವು, ಮೂರನೇ ಸಲಕ್ಕೆ ಎದ್ದ. ಫೋನನ್ನು ನೋಡಲಿಲ್ಲ. ಬಾಗಿಲಿಗೆ ಹೋದ. ಅಲ್ಲಿಂದ ಅಡುಗೆಮನೆಗೆ ಹೋದ, ಮಂಚದ ಕೆಳಗೆ ನೋಡಿದ, ಮತ್ತೆ ಬಾಗಿಲಿಗೆ ಬಂದ. ಅಕ್ಕೋರು ಕರೆದರೂ ಬರಲಿಲ್ಲ. ಮರುವಾರವೂ ಹಾಗೇ ಆಯಿತು. ಆ ಸೊಂಟ ಇಟ್ಟುಕೊಂಡು ಮನೆಯೆಲ್ಲ ತಿರುಗಿ, ಕಡೆಗೆ ನೋವಿಗೆ ಬಾಗಿಲಲ್ಲೇ ಕುಸಿದು ಕೂತ. ಎಷ್ಟು ಹೊತ್ತು ಹೀಗೆ ಕೂರುತ್ತಾನೆ ಎಂದು ಕೇಳಿದೆ. ಒತ್ತಾಯ ಮಾಡಿದ ಮೇಲೆ ಅಕ್ಕೋರು, ಕತ್ತಲಾಗುವ ತನಕ ಎಂದರು.

"ಇನ್ನ ಮ್ಯಾಲೆ ಅವಂಗ ನನ್ನ ದನಿ ಕೇಳಸಬ್ಯಾಡ್ರಿ ಅಕ್ಕೋರೆ" ಎಂದೆ.

ಅವರು ಬೇರೆ ದಾರಿ ಹುಡುಕಿದರು. ಮಧ್ಯಾಹ್ನ ಮೂರೂವರೆಗೆ ಅಲ್ಲಿ ಅವನು ಗಾಢ ನಿದ್ದೆಯಲ್ಲಿರುತ್ತಾನೆ. ಆಗ ನನಗೆ ಫೋನ್ ಹಚ್ಚಿ, ಏನೂ ಮಾತಾಡದೆ, ಫೋನನ್ನು ಅವನ ಮೂತಿಯ ಹತ್ತಿರ ನೆಲದ ಮೇಲಿಡುತ್ತಾರೆ. ಅವನ ಉಸಿರು ಕೇಳುತ್ತದೆ. ಎಳೆದು ಬಿಡುವಾಗ ಗಂಟಲಲ್ಲಿ ಒಂದು ಸಣ್ಣ ಗೊರಕೆ. ಮೇ ತಿಂಗಳು ಬಂದು ಹೋಯಿತು, ಇಲ್ಲಿ ಕೂಲರ್ ನಿಂತ ಮಧ್ಯಾಹ್ನಗಳಲ್ಲೂ ಅಲ್ಲಿ ಆ ಉಸಿರು ತಣ್ಣಗೆ ನಡೆದಿತ್ತು. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಫೋನು ಕಿವಿಗೊತ್ತಿ ಕೂರುತ್ತೇನೆ. ಬಾಯಿ ತೆರೆಯುವುದಿಲ್ಲ. ಓಣಿಯಲ್ಲೆಲ್ಲ ಜಗಳಗಂಟಿ ಎನಿಸಿಕೊಂಡವಳು ಹತ್ತು ನಿಮಿಷ ಸದ್ದಿಲ್ಲದೆ ಕೂರುತ್ತಾಳೆ ಎಂದರೆ ಯಾರೂ ನಂಬುವುದಿಲ್ಲ.

ಮೊನ್ನೆ ಒಗ್ಗರಣೆಯ ಘಾಟು ಗಂಟಲಿಗೆ ಹೋಗಿ ನನಗೆ ಕೆಮ್ಮು ಬಂತು. ಒಂದೇ ಸಲ, ಅದೂ ಸೆರಗು ಮುಚ್ಚಿಕೊಂಡು ಕೆಮ್ಮಿದೆ. ಆ ಕಡೆ ಗೊರಕೆ ನಿಂತಿತು. ಮರದ ನೆಲದ ಮೇಲೆ ಉಗುರು ಕೆರೆದ ಸದ್ದು. ಜಾರಿತು, ಮತ್ತೆ ಕೆರೆಯಿತು. ಎದ್ದ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಬಾಗಿಲ ಕಡೆಗೆ. ಅವನ ಹೆಸರು ನನ್ನ ನಾಲಿಗೆಯ ಮೇಲಿತ್ತು. ಫೋನ್ ಕಟ್ ಮಾಡಿದೆ.